ಐಕ್ಸ್‌ಫೆಲ್ಡ್: ಒಂದು ಮತದ್ವೀಪದ ಚರಿತ್ರೆ

ಜರ್ಮನಿಯ ಮಧ್ಯಭಾಗದಲ್ಲಿ, ಹಾರ್ಟ್ಸ್ ಪರ್ವತಶ್ರೇಣಿಗೂ ವೆರಾ ನದಿಗೂ ನಡುವೆ, ಐಕ್ಸ್‌ಫೆಲ್ಡ್ ಎಂಬ ಸಣ್ಣ ನಾಡೊಂದಿದೆ. ಲೈನೆ, ಉನ್‌ಸ್ಟ್ರುಟ್ ಎಂಬ ಎರಡು ನದಿಗಳು ಇಲ್ಲಿಯೇ ಹುಟ್ಟಿ, ಒಂದು ಪಶ್ಚಿಮಾಭಿಮುಖವಾಗಿಯೂ ಮತ್ತೊಂದು ಪೂರ್ವಾಭಿಮುಖವಾಗಿಯೂ ಹರಿದುಹೋಗುತ್ತವೆ. ಮಾರ್ಟಿನ್ ಲೂಥರನು ೧೫೨೧-೨೨ರಲ್ಲಿ ಅಡಗಿದ್ದು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ ವಾರ್ಟ್‌ಬುರ್ಗ್ ದುರ್ಗವು ಈ ನಾಡಿನ ಮುಖ್ಯಪಟ್ಟಣವಾದ ಹೈಲಿಗನ್‌ಷ್ಟಾಟಿನಿಂದ ಐವತ್ತು ಕಿಲೊಮೀಟರುಗಳೊಳಗೇ ಇದೆ. ಸುತ್ತಲಿನ ಪ್ರದೇಶಗಳೆಲ್ಲ ಲೂಥರನ ಮತವನ್ನು ಸ್ವೀಕರಿಸಿ ಪ್ರಾಟೆಸ್ಟಂಟ್ ನಾಡುಗಳಾದುವು. ಅವುಗಳ ಮಧ್ಯದಲ್ಲಿ ಐಕ್ಸ್‌ಫೆಲ್ಡ್ ಮಾತ್ರ ರೋಮನ್ ಕ್ಯಾಥೊಲಿಕ್ ಮತವನ್ನೇ ಅನುಸರಿಸುತ್ತ ಬಂದಿದೆ. ಇದನ್ನು ಮತದ್ವೀಪವೆಂದು ವರ್ಣಿಸುವುದು ವಾಡಿಕೆ.

ದ್ವೀಪವೆಂಬ ಈ ಉಪಮಾನವು ಸುಂದರವಾಗಿದ್ದರೂ ಒಂದು ತಪ್ಪು ಗ್ರಹಿಕೆಗೆ ಎಡೆಕೊಡುತ್ತದೆ. ಹೊಸ ಮತದ ಪ್ರವಾಹವು ಬಂದಾಗ ಈ ನಾಡು ಎತ್ತರದ ನೆಲದಂತೆ ಮುಳುಗದೆ ಉಳಿಯಿತೆಂದೂ, ಇಲ್ಲಿಯ ಜನ ಪೂರ್ವಿಕರ ನಂಬಿಕೆಯನ್ನು ಎಂದೂ ಕೈಬಿಡಲಿಲ್ಲವೆಂದೂ ಭಾವನೆಯುಂಟಾಗುತ್ತದೆ. ಇತಿಹಾಸವು ಹೇಳುವುದು ಬೇರೆ. ಈ ನೆಲವೂ ಒಮ್ಮೆ ಬಹುಮಟ್ಟಿಗೆ ಮುಳುಗಿದ್ದಿತು. ಅನಂತರ ಅದನ್ನು ಪ್ರಯತ್ನಪೂರ್ವಕವಾಗಿ ಮೇಲೆತ್ತಲಾಯಿತು. ಮೇಲೆತ್ತಿದ ರಾಜ್ಯವು ಅಳಿದುಹೋದ ಮೇಲೂ ಅದು ಮತ್ತೆ ಮುಳುಗಲಿಲ್ಲ. ಈ ಎರಡು ಸಂಗತಿಗಳಿಗೆ ಕಾರಣವೇನೆಂಬುದೇ ಇಲ್ಲಿ ವಿಚಾರಮಾಡಬೇಕಾದ ವಿಷಯ.

೧. ನಾಡು ಮತ್ತು ಅದರ ಒಡೆಯರು

ಐಕ್ಸ್‌ಫೆಲ್ಡ್ ಎಂಬ ಹೆಸರು ಮೊದಲು ದೊರೆಯುವುದು ಕ್ರಿ. ಶ. ೮೯೭ರಲ್ಲಿ, ಚಕ್ರವರ್ತಿ ಆರ್ನುಲ್ಫನ ಒಂದು ಶಾಸನಪತ್ರದಲ್ಲಿ. ಮುಂದಿನ ಶತಮಾನಗಳಲ್ಲಿ ರೈನ್ ನದಿಯ ತೀರದ ಮೈಂಟ್ಸ್ ನಗರದ ಮಹಾಧರ್ಮಾಧ್ಯಕ್ಷರು ಇಲ್ಲಿ ಕ್ರಮಕ್ರಮವಾಗಿ ಭೂಮಿಯನ್ನೂ ಅಧಿಕಾರವನ್ನೂ ಸಂಪಾದಿಸಿದರು. ೧೨೯೪ರಲ್ಲಿ ಗ್ಲೈಖನ್‌ಷ್ಟೈನ್ ಮನೆತನದ ಪ್ರಭುವು ತನ್ನ ದುರ್ಗಗಳನ್ನೂ ಅವಕ್ಕೆ ಸೇರಿದ ಸೀಮೆಯನ್ನೂ ಮಹಾಧರ್ಮಾಧ್ಯಕ್ಷ ಎರಡನೆಯ ಗೆರ್ಹಾರ್ಡನಿಗೆ ಮಾರಿದನು. ಹದಿನಾಲ್ಕನೆಯ ಶತಮಾನದಲ್ಲಿ ಉತ್ತರದ ಡೂಡರ್‌ಷ್ಟಾಟ್ ಪಟ್ಟಣವೂ ಬ್ರೌನ್‌ಷ್ವೈಗಿನ ದೊರೆಗಳ ಕೈಯಿಂದ ಮೈಂಟ್ಸಿನ ಕೈಗೆ ಬಂದಿತು. ಹೀಗೆ ಸುಮಾರು ಇನ್ನೂರು ಕಿಲೊಮೀಟರು ದೂರದಲ್ಲಿದ್ದ ಒಬ್ಬ ಧರ್ಮಾಧ್ಯಕ್ಷನು ಈ ನಾಡಿನ ರಾಜನಾದನು. ಅವನು ಬರಿಯ ಗುರುವಲ್ಲ. ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಏಳು ಮಂದಿ ಪ್ರಭುಗಳಲ್ಲಿ ಒಬ್ಬನಾಗಿದ್ದು, ಕಂದಾಯವನ್ನೆತ್ತುವ, ನ್ಯಾಯವಿಚಾರಣೆ ಮಾಡುವ ಅರಸನೂ ಆಗಿದ್ದನು. ಮೈಂಟ್ಸಿನ ಲಾಂಛನವಾದ ಚಕ್ರವು ಐಕ್ಸ್‌ಫೆಲ್ಡ್ ಜಿಲ್ಲೆಯ ಮುದ್ರೆಯಲ್ಲಿ ಇಂದಿಗೂ ಇದೆ.

ಈ ನಾಡಿಗೆ ಏಕತೆಯನ್ನು ಕೊಟ್ಟುದು ಈ ಒಡೆತನವಲ್ಲದೆ ಭಾಷೆಯಲ್ಲ. ಮೇಲಿನ ಐಕ್ಸ್‌ಫೆಲ್ಡ್ ಎಂದು ಕರೆಯುವ ದಕ್ಷಿಣಭಾಗದ ಜನರ ಆಡುಮಾತು ಥ್ಯುರಿಂಗಿಯಾದ ಮಧ್ಯಜರ್ಮನ್ ವರ್ಗಕ್ಕೆ ಸೇರಿದುದು. ಡೂಡರ್‌ಷ್ಟಾಟಿನ ಸುತ್ತಲಿರುವ ಕೆಳಗಿನ ಐಕ್ಸ್‌ಫೆಲ್ಡಿನ ಆಡುಮಾತು ಉತ್ತರದ ಕೆಳಜರ್ಮನ್ ವರ್ಗಕ್ಕೆ ಸೇರಿದುದು. ಜರ್ಮನ್ ಉಪಭಾಷೆಗಳನ್ನು ಎರಡಾಗಿ ವಿಭಾಗಿಸುವ ಪ್ರಸಿದ್ಧವಾದ ರೇಖೆಯು ಈ ಸಣ್ಣ ನಾಡಿನ ನಡುವೆಯೇ ಹಾದುಹೋಗುತ್ತದೆ. ಒಂದೇ ನುಡಿಯಿಂದ ಒಂದು ನಾಡೆಂಬ ನ್ಯಾಯವು ಇಲ್ಲಿ ಅನ್ವಯಿಸುವುದಿಲ್ಲ. ನುಡಿಯ ಎರಡು ದಡಗಳಲ್ಲಿರುವ ಜನರು ತಮ್ಮನ್ನು ಒಂದೇ ಹೆಸರಿನಿಂದ ಕರೆದುಕೊಳ್ಳುತ್ತಾರೆಂಬುದನ್ನು ಮರೆಯಲಾಗದು.

೨. ಹೊಸ ಮತದ ಪ್ರವೇಶ

ಹದಿನಾರನೆಯ ಶತಮಾನದ ಮತಸುಧಾರಣೆಯು ಐಕ್ಸ್‌ಫೆಲ್ಡನ್ನು ಮೊದಲು ಮುಟ್ಟಿದುದು ಬೆಂಕಿಯ ರೂಪದಲ್ಲಿ. ೧೫೨೫ರ ರೈತರ ದಂಗೆಯ ಕಾಲದಲ್ಲಿ ನೆರೆಯ ಮ್ಯೂಲ್‌ಹೌಸನ್ ನಗರದಲ್ಲಿ ಥೋಮಾಸ್ ಮ್ಯುಂಟ್ಸರನೂ ಹೈನ್ರಿಖ್ ಪ್ಫೈಫರನೂ ಜನರ ಮುಂದಾಳುಗಳಾಗಿದ್ದರು. ಇವರಲ್ಲಿ ಪ್ಫೈಫರನು ಐಕ್ಸ್‌ಫೆಲ್ಡಿನ ರೈಫನ್‌ಷ್ಟೈನ್ ಮಠದಲ್ಲಿ ಸಂನ್ಯಾಸಿಯಾಗಿದ್ದು ಅದನ್ನು ತೊರೆದು ಹೋದವನು. ಆ ವರ್ಷದ ವಸಂತದಲ್ಲಿ ದಂಗೆಯ ತಂಡಗಳು ಈ ನಾಡಿನ ಮಠಗಳನ್ನೂ ದುರ್ಗಗಳನ್ನೂ ಸುಲಿದು ಸುಟ್ಟುವು. ಮೇ ತಿಂಗಳಲ್ಲಿ ಫ್ರಾಂಕನ್‌ಹೌಸನ್ನಿನ ಕದನದಲ್ಲಿ ರೈತರು ಸೋತರು, ಮುಂದಾಳುಗಳಿಬ್ಬರಿಗೂ ಶಿರಚ್ಛೇದವಾಯಿತು.

ದಂಗೆಯು ಅಡಗಿತಾದರೂ ಹೊಸ ಮತವು ಅಡಗಲಿಲ್ಲ. ಅದು ಈ ಸಲ ಶಾಂತವಾಗಿ, ಪಾಳೆಯಗಾರರ ಬಾಗಿಲಿನಿಂದ ಒಳಗೆ ಬಂದಿತು. ವಿಂಟ್ಸಿಂಗೆರೋಡೆ, ಹಾನ್‌ಷ್ಟೈನ್ ಮೊದಲಾದ ಮನೆತನಗಳ ಪ್ರಭುಗಳು ತಮ್ಮ ಗ್ರಾಮಗಳಲ್ಲಿ ಲೂಥರನ ಬೋಧಕರನ್ನು ನೇಮಿಸಿದರು. ಪಟ್ಟಣಗಳ ನಾಗರಿಕರೂ ಹೊಸ ಉಪದೇಶದ ಕಡೆಗೆ ಒಲಿದರು. ಶತಮಾನದ ನಡುಗಾಲವು ಕಳೆಯುವಷ್ಟರಲ್ಲಿ ಐಕ್ಸ್‌ಫೆಲ್ಡಿನ ಬಹುಭಾಗವು ಪ್ರಾಟೆಸ್ಟಂಟ್ ಆಗಿಹೋಗಿದ್ದಿತು. ದೂರದ ಮೈಂಟ್ಸಿನಲ್ಲಿದ್ದ ಒಡೆಯನಿಗೆ ಇದನ್ನು ತಡೆಯುವ ಶಕ್ತಿಯೂ ಅವಕಾಶವೂ ಬಹುಕಾಲ ಒದಗಲಿಲ್ಲ. ಆದುದರಿಂದ ಪುರಾತನ ಮತವು ಇಲ್ಲಿ ಎಡೆಬಿಡದೆ ನಡೆದುಬಂದಿತೆಂಬ ಹೇಳಿಕೆಯು ನಿಲ್ಲತಕ್ಕುದಲ್ಲ.

೩. ಮರಳಿ ಕಟ್ಟಿದುದು

೧೫೫೫ರ ಔಗ್ಸ್‌ಬುರ್ಗಿನ ಒಪ್ಪಂದವು ಜರ್ಮನಿಯ ಮತಕಲಹಕ್ಕೆ ಒಂದು ರಾಜಕೀಯ ಪರಿಹಾರವನ್ನು ಕಂಡುಹಿಡಿಯಿತು. ಅದರ ಸಾರಾಂಶವೇನೆಂದರೆ, ನಾಡು ಯಾರದೋ ಮತವನ್ನು ನಿರ್ಣಯಿಸುವ ಹಕ್ಕೂ ಅವರದೇ. ಈ ಸೂತ್ರದಿಂದ ಎಷ್ಟೋ ದೊರೆಗಳು ತಮ್ಮ ಪ್ರಜೆಗಳನ್ನು ಲೂಥರನ ಮತಕ್ಕೆ ಸೇರಿಸಿದರು. ಅದೇ ಸೂತ್ರದಿಂದ ಮೈಂಟ್ಸಿನ ಮಹಾಧರ್ಮಾಧ್ಯಕ್ಷ ದಾನಿಯೆಲ್ ಬ್ರೆಂಡೆಲನು ತನ್ನ ಪ್ರಜೆಗಳನ್ನು ಹಳೆಯ ಮತಕ್ಕೆ ಮರಳಿಸಲು ಸಂಕಲ್ಪಿಸಿದನು. ೧೫೭೪ರಲ್ಲಿ ಅವನು ಪರಿವಾರಸಮೇತನಾಗಿ ತಾನೇ ಐಕ್ಸ್‌ಫೆಲ್ಡಿಗೆ ಬಂದನು. ಲೂಪೋಲ್ಡ್ ಫೋನ್ ಷ್ಟ್ರಾಲೆಂಡೋರ್ಫ್ ಎಂಬವನನ್ನು ನಾಡಿನ ಮುಖ್ಯಾಧಿಕಾರಿಯಾಗಿ ನಿಯಮಿಸಿದನು. ಯೇಸುಸಭೆಯ ಗುರುಗಳು ಅವನೊಡನೆ ಬಂದರು; ಮರುವರ್ಷವೇ ಹೈಲಿಗನ್‌ಷ್ಟಾಟಿನಲ್ಲಿ ಅವರ ವಿದ್ಯಾಶಾಲೆಯು ಸ್ಥಾಪಿತವಾಯಿತು.

ಪಾಳೆಯಗಾರರ ಪ್ರತಿಭಟನೆಗೆ ದೊರೆತ ಉತ್ತರವು ಕಠಿನವಾಗಿದ್ದಿತು. ಬೋಡನ್‌ಷ್ಟೈನ್ ದುರ್ಗದ ಬಾರ್ಥೋಲ್ಡ್ ಫೋನ್ ವಿಂಟ್ಸಿಂಗೆರೋಡೆಯು ಲೂಥರನ ಮತಕ್ಕೆ ಬೆಂಬಲವಾಗಿದ್ದವನು. ಅವನ ಮೇಲೆ ಕೊಲೆಯ ಆರೋಪವಿದ್ದಿತು. ದುರ್ಗವನ್ನು ಮುತ್ತಿ ಅವನನ್ನು ಸೆರೆಹಿಡಿದು, ೧೫೭೫ರಲ್ಲಿ ಮೈಂಟ್ಸಿನಲ್ಲಿ ತಲೆಹೊಡೆಸಿದರು. ಗ್ರಾಮಗಳ ಲೂಥರನ್ ಬೋಧಕರನ್ನು ಹೊರಗಟ್ಟಿದರು. ಗ್ರಾಮಗಳನ್ನು ಸಂದರ್ಶಿಸಿ ವಿಚಾರಣೆ ನಡೆಸಿದರು. ಅಧಿಕಾರಸ್ಥಾನಗಳನ್ನು ಕ್ಯಾಥೊಲಿಕರಿಗೇ ಮೀಸಲಾಗಿಟ್ಟರು. ಇಂದು ಸ್ವಂತ ಶ್ರದ್ಧೆಯೆಂದು ಅಭಿಮಾನಪಡುವ ಮತವು ಅಂದಿನ ಹಲವರಿಗೆ ಬಲಾತ್ಕಾರವಾಗಿಯೇ ಬಂದಿತೆಂಬುದನ್ನು ಚರಿತ್ರಕಾರನು ಮರೆಮಾಚಲಾಗದು. ಇದು ಮೈಂಟ್ಸಿನ ದೋಷವೊಂದೇ ಅಲ್ಲ; ಎರಡು ಪಕ್ಷದ ದೊರೆಗಳೂ ಆ ಕಾಲದಲ್ಲಿ ಪ್ರಜೆಯ ಮನಸ್ಸಾಕ್ಷಿಯನ್ನು ರಾಜ್ಯದ ಆಸ್ತಿಯೆಂದು ಭಾವಿಸಿದ್ದರು.

ಆದರೆ ಬಲಾತ್ಕಾರವೊಂದರಿಂದಲೇ ಒಂದು ಮತವು ಜನರ ಹೃದಯದಲ್ಲಿ ನಾಲ್ಕು ಶತಮಾನ ನಿಲ್ಲಲಾರದು. ಅಧಿಕಾರಿಗಳು ಮಾಡಲಾರದ ಕೆಲಸವನ್ನು ವಿದ್ಯಾಶಾಲೆಯೂ ಉತ್ಸವವೂ ಮಾಡಿದುವು. ಯೇಸುಸಭೆಯವರು ೧೭೭೩ರಲ್ಲಿ ತಮ್ಮ ಸಂಘವು ರದ್ದಾಗುವವರೆಗೆ, ಎಂದರೆ ಸುಮಾರು ಎರಡು ನೂರು ವರ್ಷ, ಈ ನಾಡಿನ ಬಾಲಕರಿಗೆ ಪಾಠ ಹೇಳಿದರು. ಅದೇ ನಾಡಿನ ಮಕ್ಕಳು ಅದೇ ನಾಡಿನ ಗುರುಗಳಾಗಿ ಹಿಂದಿರುಗಿದರು. ಹೈಲಿಗನ್‌ಷ್ಟಾಟಿನಲ್ಲಿ ಗರಿಗಳ ಭಾನುವಾರದಂದು ಕ್ರಿಸ್ತನ ಯಾತನೆಯನ್ನು ತೋರಿಸುವ ಆಳೆತ್ತರದ ವಿಗ್ರಹಗಳನ್ನು ಹೊತ್ತು ಬೀದಿಗಳಲ್ಲಿ ಸಾಗುವ ಮೆರವಣಿಗೆಯು ಅವರ ಕಾಲದಲ್ಲಿಯೇ ಬೇರೂರಿದುದು. ಹ್ಯುಲ್ಫೆನ್ಸ್‌ಬೆರ್ಗ್ ಎಂಬ ಬೆಟ್ಟಕ್ಕೆ ಹೋಗುವ ಯಾತ್ರೆಯೂ, ರೈತರು ತಮ್ಮ ಕುದುರೆಗಳೊಡನೆ ಎಟ್ಸೆಲ್ಸ್‌ಬಾಖ್ ಗುಡಿಗೆ ಬಂದು ಆಶೀರ್ವಾದ ಪಡೆಯುವ ಪದ್ಧತಿಯೂ ನೆಲ, ಬೇಸಾಯ, ಕುಟುಂಬಗಳೊಡನೆ ಮತವನ್ನು ಹೆಣೆದುವು. ಅಪ್ಪಣೆಯಿಂದ ಬಂದುದು ಮೊಮ್ಮಕ್ಕಳ ಕಾಲಕ್ಕೆ ಆಚಾರವಾಯಿತು. ಆಚಾರವು ಅವರ ಮಕ್ಕಳಿಗೆ ಸ್ವಭಾವವಾಯಿತು.

ಈ ಪ್ರಯತ್ನವು ಪೂರ್ಣವಾಗಿ ಫಲಿಸಲಿಲ್ಲವೆಂಬುದಕ್ಕೂ ನಾಡಿನೊಳಗೇ ಸಾಕ್ಷ್ಯವಿದೆ. ವಿಂಟ್ಸಿಂಗೆರೋಡೆ, ಹಾನ್‌ಷ್ಟೈನ್ ಮನೆತನಗಳಿಗೆ ಸೇರಿದ ಹಲವು ಗ್ರಾಮಗಳು ಲೂಥರನ ಮತದಲ್ಲಿಯೇ ಉಳಿದುವು. ಮೂವತ್ತು ವರ್ಷಗಳ ಯುದ್ಧವನ್ನು ಮುಗಿಸಿದ ೧೬೪೮ರ ವೆಸ್ಟ್‌ಫಾಲಿಯಾ ಒಪ್ಪಂದವು ೧೬೨೪ನೆಯ ವರ್ಷವನ್ನು ಪ್ರಮಾಣವಾಗಿಟ್ಟುಕೊಂಡು ಮತಗಳ ಎಲ್ಲೆಗಳನ್ನು ಸ್ಥಿರಪಡಿಸಿತು. ಹೀಗೆ ಪ್ರಾಟೆಸ್ಟಂಟ್ ಪ್ರದೇಶದ ನಡುವೆ ಕ್ಯಾಥೊಲಿಕ್ ನಾಡು, ಆ ನಾಡಿನ ನಡುವೆ ಮತ್ತೆ ಪ್ರಾಟೆಸ್ಟಂಟ್ ಗ್ರಾಮಗಳು ಎಂಬ ಸ್ಥಿತಿಯು ಏರ್ಪಟ್ಟಿತು. ಅಲ್ಪಸಂಖ್ಯಾತರಾಗಿ ಬಾಳುವುದೆಂದರೇನೆಂಬುದು ಐಕ್ಸ್‌ಫೆಲ್ಡಿನ ಎರಡು ಪಂಗಡಗಳಿಗೂ ತಿಳಿದ ಅನುಭವವಾಗಿದೆ.

೪. ಒಡೆಯನಿಲ್ಲದ ನಾಡು

೧೮೦೨ರಲ್ಲಿ ಪ್ರಷ್ಯದ ಸೈನ್ಯವು ಐಕ್ಸ್‌ಫೆಲ್ಡನ್ನು ವಶಪಡಿಸಿಕೊಂಡಿತು. ಮರುವರ್ಷ ಜರ್ಮನಿಯ ಧರ್ಮಾಧ್ಯಕ್ಷರ ರಾಜ್ಯಗಳೆಲ್ಲ ಬಹುಮಟ್ಟಿಗೆ ರದ್ದಾದುವು. ಮೈಂಟ್ಸಿನ ಆಳ್ವಿಕೆಯು ಇಲ್ಲಿ ಮುಗಿಯಿತು. ನೆಪೋಲಿಯನ್ನನ ಕಾಲದಲ್ಲಿ, ೧೮೦೭ರಿಂದ, ಈ ನಾಡು ಅವನ ತಮ್ಮನಾದ ಜೆರೋಮನ ವೆಸ್ಟ್‌ಫಾಲಿಯಾ ರಾಜ್ಯಕ್ಕೆ ಸೇರಿದ್ದಿತು. ೧೮೧೫ರ ವಿಯೆನ್ನಾ ಸಮ್ಮೇಳನವು ಅದನ್ನು ಎರಡಾಗಿ ಸೀಳಿತು: ಮೇಲಿನ ಭಾಗವು ಪ್ರಷ್ಯಕ್ಕೂ, ಡೂಡರ್‌ಷ್ಟಾಟಿನ ಭಾಗವು ಹ್ಯಾನೋವರಿಗೂ ಹೋದುವು. ಚರ್ಚಿನ ಆಡಳಿತವೂ ಇದನ್ನೇ ಅನುಸರಿಸಿ, ಒಂದನ್ನು ಪಾಡರ್‌ಬೋರ್ನಿಗೂ ಇನ್ನೊಂದನ್ನು ಹಿಲ್ಡೆಸ್‌ಹೈಮಿಗೂ ಸೇರಿಸಿತು. ಎರಡು ರಾಜ್ಯಗಳ ದೊರೆಗಳೂ ಪ್ರಾಟೆಸ್ಟಂಟರು. ದೊರೆಯ ಮತವೇ ಪ್ರಜೆಯ ಮತವೆಂಬ ಹಳೆಯ ಸೂತ್ರವು ಇನ್ನೂ ಬಲವಾಗಿದ್ದಿದ್ದರೆ ಐಕ್ಸ್‌ಫೆಲ್ಡ್ ಈಗ ಮತ್ತೆ ಬದಲಾಗಬೇಕಾಗಿದ್ದಿತು. ಆದರೆ ಹಾಗಾಗಲಿಲ್ಲ.

ಇಲ್ಲಿ ದೂರದ ಮೂಲೆಯ ನಾಡಾದುದರಿಂದ ಹೊರಗಿನ ಗಾಳಿ ತಾಕಲಿಲ್ಲವೆಂಬ ಸಮಾಧಾನವೂ ಸಲ್ಲುವುದಿಲ್ಲ. ನೆಲವು ಎಲ್ಲ ಮಕ್ಕಳಿಗೂ ಪಾಲಾಗಿ ಪಾಲಾಗಿ ತುಂಡಾಗಿದ್ದಿತು; ಕೈಮಗ್ಗದ ನೇಯ್ಗೆಯನ್ನು ಯಂತ್ರಗಳ ಪೈಪೋಟಿಯು ಕುಂದಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಸಾವಿರಾರು ಮಂದಿ ಗಂಡಸರೂ ಹೆಂಗಸರೂ ವಸಂತದಲ್ಲಿ ಮನೆ ಬಿಟ್ಟು, ಪ್ರಾಟೆಸ್ಟಂಟ್ ಪ್ರಾಂತಗಳ ಬೀಟ್ ಹೊಲಗಳಿಗೂ ಇಟ್ಟಿಗೆಯ ಗೂಡುಗಳಿಗೂ ಕಟ್ಟಡದ ಕೆಲಸಕ್ಕೂ ಕೂಲಿಗೆ ಹೋಗಿ, ಚಳಿಗಾಲಕ್ಕೆ ಊರಿಗೆ ಮರಳುತ್ತಿದ್ದರು. ಹೊರಗಿನವರ ನಡುವೆ ವರ್ಷದ ಅರ್ಧಕಾಲ ಬಾಳಿದ ಈ ಜನರಿಗೆ ತಾವು ಯಾರೆಂಬುದು ಮನೆಯಲ್ಲಿದ್ದವರಿಗಿಂತ ಹೆಚ್ಚು ಸ್ಪಷ್ಟವಾಗಿ ತಿಳಿದಿದ್ದಿತು. ಭೇದದ ಅರಿವನ್ನು ಬೆಳೆಸಿದುದು ಏಕಾಂತವಲ್ಲ, ಸಂಪರ್ಕ.

ಈ ಕಾಲದ ಎರಡು ಸಂಗತಿಗಳು ಸಾಹಿತ್ಯಾಭ್ಯಾಸಿಗಳಿಗೆ ಸ್ವಾರಸ್ಯಕರವಾಗಿವೆ. ಗೊಟಿಂಗೆನ್ನಿನಲ್ಲಿ ನ್ಯಾಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಕವಿ ಹೈನ್ರಿಖ್ ಹೈನೆಯು, ಯೆಹೂದಿಯಾಗಿ ಹುಟ್ಟಿದವನು, ೧೮೨೫ನೆಯ ಜೂನ್ ೨೮ರಂದು ಹೈಲಿಗನ್‌ಷ್ಟಾಟಿನಲ್ಲಿ ದೀಕ್ಷಾಸ್ನಾನ ಪಡೆದನು. ಆ ಕ್ಯಾಥೊಲಿಕ್ ಪಟ್ಟಣದಲ್ಲಿ ಅವನು ಸ್ವೀಕರಿಸಿದುದು ಪ್ರಾಟೆಸ್ಟಂಟ್ ಮತವನ್ನು. ದೀಕ್ಷೆಯಿತ್ತವನು ಅಲ್ಲಿಯ ಸಣ್ಣ ಪ್ರಾಟೆಸ್ಟಂಟ್ ಸಭೆಯ ಪಾದ್ರಿ. ಮತ್ತೊಬ್ಬನು ಕಥೆಗಾರ ಥಿಯೊಡೋರ್ ಷ್ಟೋರ್ಮ್. ಉತ್ತರಸಮುದ್ರತೀರದ ಹೂಸುಮ್ ಪಟ್ಟಣದ ಈ ವಕೀಲನು ಡೇನಿಷ್ ಆಳ್ವಿಕೆಯಿಂದ ಸ್ವಸ್ಥಳವನ್ನು ಬಿಡಬೇಕಾಗಿ ಬಂದು, ೧೮೫೬ರಿಂದ ೧೮೬೪ರವರೆಗೆ ಪ್ರಷ್ಯದ ನ್ಯಾಯಾಧಿಕಾರಿಯಾಗಿ ಹೈಲಿಗನ್‌ಷ್ಟಾಟಿನಲ್ಲಿ ವಾಸಿಸಿದನು. ೧೮೬೧ರಲ್ಲಿ ಪ್ರಕಟವಾದ ಅವನ ‘ವೆರೋನಿಕಾ’ ಎಂಬ ಕಥೆಯು ಗರಿಗಳ ಭಾನುವಾರದ ಸಮಯದಲ್ಲಿ ಆರಂಭವಾಗುತ್ತದೆ. ಪಾಪನಿವೇದನೆಗೆಂದು ಹೋದ ಗೃಹಿಣಿಯೊಬ್ಬಳು ಗುರುವಿನ ಮುಂದೆ ಬಾಯ್ದೆರೆಯಲಾರದೆ ಹಿಂದಿರುಗುವುದು ಅದರ ವಸ್ತು. ಈ ನಾಡಿನ ಆಚಾರವನ್ನು ಹೊರಗಿನ ಕಣ್ಣು ಎಷ್ಟು ಸೂಕ್ಷ್ಮವಾಗಿ, ಎಷ್ಟು ಪರಕೀಯವಾಗಿ ಕಂಡಿತೆಂಬುದಕ್ಕೆ ಆ ಕಥೆಯು ಒಳ್ಳೆಯ ನಿದರ್ಶನ.

ನಾಡಿನ ಅಭಿಮಾನವು ರಾಜಕೀಯ ರೂಪವನ್ನು ತಾಳಿದುದು ೧೮೭೦ರ ದಶಕದಲ್ಲಿ. ಬಿಸ್ಮಾರ್ಕನು ಕ್ಯಾಥೊಲಿಕ್ ಚರ್ಚಿನ ಸ್ವಾತಂತ್ರ್ಯವನ್ನು ಕಾನೂನುಗಳಿಂದ ಬಿಗಿಯತೊಡಗಿದನು. ಐಕ್ಸ್‌ಫೆಲ್ಡಿನ ಗೈಸ್‌ಮಾರ್ ಗ್ರಾಮದಲ್ಲಿ ೧೮೧೨ರಲ್ಲಿ ಹುಟ್ಟಿದ ಕೋನ್ರಾಡ್ ಮಾರ್ಟಿನನು ಆಗ ಪಾಡರ್‌ಬೋರ್ನಿನ ಧರ್ಮಾಧ್ಯಕ್ಷನಾಗಿದ್ದನು. ಕಾನೂನಿಗೆ ಮಣಿಯದ ಅವನನ್ನು ಸರಕಾರವು ಸೆರೆಯಲ್ಲಿಟ್ಟು, ೧೮೭೫ರಲ್ಲಿ ಪದಚ್ಯುತನೆಂದು ಸಾರಿತು. ಅವನು ದೇಶ ಬಿಟ್ಟು ಹೋಗಿ ೧೮೭೯ರಲ್ಲಿ ಬೆಲ್ಜಿಯಮ್ಮಿನಲ್ಲಿ ಮೃತನಾದನು. ಹ್ಯುಲ್ಫೆನ್ಸ್‌ಬೆರ್ಗಿನ ಮೇಲಿರುವ ದೊಡ್ಡ ಶಿಲುಬೆಯು ಅವನ ಹೆಸರನ್ನು ಹೊತ್ತಿದೆ. ಮೂರು ನೂರು ವರ್ಷಗಳ ಹಿಂದೆ ರಾಜಾಜ್ಞೆಯಿಂದ ಕ್ಯಾಥೊಲಿಕರಾದವರ ಸಂತತಿಯು ಈಗ ರಾಜಾಜ್ಞೆಗೆ ವಿರೋಧವಾಗಿ ಕ್ಯಾಥೊಲಿಕರಾಗಿ ಉಳಿದರು. ಮೇಲಿನಿಂದ ಹೇರಿದುದು ಸ್ವಂತವಾದುದು ಈ ಪರೀಕ್ಷೆಯಲ್ಲಿ. ಅಲ್ಲಿಂದ ಮುಂದೆ ಕ್ಯಾಥೊಲಿಕರ ಪಕ್ಷವಾದ ‘ಸೆಂಟ್ರುಮ್’ ಈ ನಾಡಿನಲ್ಲಿ ಎದುರಿಲ್ಲದ ಬಲವನ್ನು ಪಡೆಯಿತು. ೧೯೩೩ರ ಮಾರ್ಚಿಯ ಚುನಾವಣೆಯಲ್ಲಿಯೂ ಮೇಲಿನ ಐಕ್ಸ್‌ಫೆಲ್ಡಿನಲ್ಲಿ ಮೊದಲ ಸ್ಥಾನವು ನಾಜಿ ಪಕ್ಷಕ್ಕಲ್ಲ, ಅದಕ್ಕೇ ದೊರೆಯಿತು.

೫. ಮುಳ್ಳುತಂತಿಯ ಕಾಲ

೧೯೪೫ರಲ್ಲಿ ಯುದ್ಧವು ಮುಗಿದಾಗ, ೧೮೧೫ರ ಹಳೆಯ ಎಲ್ಲೆಯು ಜಗತ್ತಿನ ಎಲ್ಲೆಯಾಗಿ ಮಾರ್ಪಟ್ಟಿತು. ಡೂಡರ್‌ಷ್ಟಾಟ್ ಬ್ರಿಟಿಷ್ ವಲಯಕ್ಕೂ, ಹೈಲಿಗನ್‌ಷ್ಟಾಟ್ ಮತ್ತು ವೊರ್ಬಿಸ್ ಸೋವಿಯತ್ ವಲಯಕ್ಕೂ ಸೇರಿದುವು. ಅದೇ ವರ್ಷ ಸೆಪ್ಟೆಂಬರ್ ೧೭ರಂದು ವಾನ್‌ಫ್ರೀಡಿನಲ್ಲಿ ಅಮೆರಿಕನ್ ಮತ್ತು ಸೋವಿಯತ್ ಸೇನಾಧಿಕಾರಿಗಳು, ಒಂದು ರೈಲುದಾರಿಯು ಒಂದೇ ವಲಯದಲ್ಲಿರಲೆಂದು, ಕೆಲವು ಗ್ರಾಮಗಳನ್ನು ಅದಲುಬದಲು ಮಾಡಿಕೊಂಡರು. ೧೯೫೨ರಿಂದ ಗಡಿಯು ಮುಚ್ಚಿತು. ಗಡಿಯಂಚಿನ ಹಲವು ಕುಟುಂಬಗಳನ್ನು ಬಲವಂತವಾಗಿ ಒಳನಾಡಿಗೆ ಸಾಗಿಸಿದರು. ಹ್ಯುಲ್ಫೆನ್ಸ್‌ಬೆರ್ಗ್ ಬೆಟ್ಟವು ನಿಷಿದ್ಧಪ್ರದೇಶದೊಳಗೆ ಸಿಕ್ಕಿ, ಯಾತ್ರಿಕರಿಗೆ ಪರವಾನಗಿಯ ಚೀಟಿ ಬೇಕಾಯಿತು. ೧೯೬೧ರ ಅಕ್ಟೋಬರ್ ೨ರ ರಾತ್ರಿ ಬೋಸೆಕೆಂಡೋರ್ಫ್ ಎಂಬ ಗಡಿಗ್ರಾಮದ ೫೩ ಮಂದಿ ಒಟ್ಟಾಗಿ ಗಡಿ ದಾಟಿ ಪಶ್ಚಿಮಕ್ಕೆ ಹೋದರು. ಅವರು ಹೋದುದೂ ಐಕ್ಸ್‌ಫೆಲ್ಡಿನ ನೆಲಕ್ಕೇ, ಅದರ ಇನ್ನೊಂದು ಅರ್ಧಕ್ಕೆ.

ಪೂರ್ವ ಜರ್ಮನಿಯ ಸರಕಾರಕ್ಕೆ ಐಕ್ಸ್‌ಫೆಲ್ಡ್ ಬಡತನದ ನಾಡಾಗಿಯೂ ಮೊಂಡು ನಾಡಾಗಿಯೂ ಕಾಣಿಸಿತು. ೧೯೫೯ರ ‘ಐಕ್ಸ್‌ಫೆಲ್ಡ್ ಯೋಜನೆ’ಯು ಎರಡಕ್ಕೂ ಒಂದೇ ಮದ್ದನ್ನು ಸೂಚಿಸಿತು: ಕೈಗಾರಿಕೆ. ಲೈನೆಫೆಲ್ಡೆಯಲ್ಲಿ ಹತ್ತಿಯ ನೂಲಿನ ದೊಡ್ಡ ಗಿರಣಿಯೂ, ಡೋಯ್ನದಲ್ಲಿ ಸಿಮೆಂಟಿನ ಕಾರ್ಖಾನೆಯೂ ಎದ್ದುವು. ಕೂಲಿಗೆಂದು ಊರು ಬಿಡುವ ಪೂರ್ವಿಕರ ಕಷ್ಟವು ಇದರಿಂದ ನೀಗಿತೆಂಬುದನ್ನು ಒಪ್ಪಬೇಕು. ಆದರೆ ಕಾರ್ಖಾನೆಯ ಕೂಲಿಗಾರನು ಚರ್ಚನ್ನು ಮರೆಯುವನೆಂಬ ನಿರೀಕ್ಷೆಯು ಫಲಿಸಲಿಲ್ಲ. ಹರೆಯದ ಮಕ್ಕಳಿಗಾಗಿ ಸರಕಾರವು ಏರ್ಪಡಿಸಿದ ಮತರಹಿತ ದೀಕ್ಷೆಯ ಸಮಾರಂಭಕ್ಕೆ ಉಳಿದ ಕಡೆಗಳಿಗಿಂತ ಇಲ್ಲಿ ಕಡಿಮೆ ಮಕ್ಕಳು ಹೋದರು. ಅದಕ್ಕಾಗಿ ಹಲವರು ಉನ್ನತ ವಿದ್ಯಾಭ್ಯಾಸದ ಅವಕಾಶವನ್ನು ಕಳೆದುಕೊಳ್ಳಬೇಕಾಯಿತು.

೧೯೮೯ರಲ್ಲಿ ಗಡಿಯು ತೆರೆಯಿತು. ೧೯೯೦ರ ಅಕ್ಟೋಬರ್ ೩ರಂದು ಜರ್ಮನಿಯು ಒಂದಾಯಿತು. ಬಿಡುಗಡೆಯ ಹಿಂದೆಯೇ ಬೇರೊಂದು ಕಷ್ಟವು ಬಂದಿತು. ನೂಲಿನ ಗಿರಣಿಯು ಕುಸಿಯಿತು. ಬಿಷೋಫೆರೋಡೆಯ ಪೊಟ್ಯಾಷ್ ಗಣಿಯನ್ನು ಮುಚ್ಚಬಾರದೆಂದು ೧೯೯೩ರ ಜುಲೈಯಲ್ಲಿ ಗಣಿಗಾರರು ಉಪವಾಸ ಹೂಡಿದರು. ಆ ವರ್ಷದ ಕೊನೆಯಲ್ಲಿ ಗಣಿಯು ಮುಚ್ಚಿತು. ೧೯೯೪ರಲ್ಲಿ ಹೈಲಿಗನ್‌ಷ್ಟಾಟ್ ಮತ್ತು ವೊರ್ಬಿಸ್ ಸೀಮೆಗಳು ಕೂಡಿ ‘ಐಕ್ಸ್‌ಫೆಲ್ಡ್’ ಎಂಬ ಹೆಸರಿನ ಜಿಲ್ಲೆಯಾದುವು; ಅದೇ ವರ್ಷ ಎರ್‌ಫುರ್ಟಿನ ಧರ್ಮಪ್ರಾಂತವು ಸ್ಥಾಪಿತವಾಗಿ ಮೇಲಿನ ಭಾಗವು ಅದಕ್ಕೆ ಸೇರಿತು. ಡೂಡರ್‌ಷ್ಟಾಟಿನ ಭಾಗವು ಇಂದಿಗೂ ಬೇರೆ ಪ್ರಾಂತದಲ್ಲಿಯೂ, ಹಿಲ್ಡೆಸ್‌ಹೈಮಿನ ಧರ್ಮಪ್ರಾಂತದಲ್ಲಿಯೂ ಉಳಿದಿದೆ. ೧೮೧೫ರ ಸೀಳು ಮುಳ್ಳುತಂತಿಗಿಂತ ಗಟ್ಟಿಯಾದುದಾಗಿ ಪರಿಣಮಿಸಿದೆ.

೬. ಸಮುದ್ರವೇ ಬದಲಾದಾಗ

೨೦೧೧ರ ಸೆಪ್ಟೆಂಬರ್ ೨೩ರಂದು ಪೋಪ್ ಹದಿನಾರನೆಯ ಬೆನೆಡಿಕ್ಟನು ಎಟ್ಸೆಲ್ಸ್‌ಬಾಖ್ ಗುಡಿಗೆ ಬಂದಾಗ ಸುಮಾರು ೯೦,೦೦೦ ಮಂದಿ ಅಲ್ಲಿ ನೆರೆದಿದ್ದರು. ಹಿಂದೆ ಕುದುರೆಗಳು ಆಶೀರ್ವಾದಕ್ಕೆ ನಿಲ್ಲುತ್ತಿದ್ದ ಬಯಲು ಅಂದು ಜಗತ್ತಿನ ಕಣ್ಣಿಗೆ ಬಿದ್ದಿತು. ಆದರೆ ಆ ಸಂಭ್ರಮದ ಸುತ್ತಲಿನ ನೆಲವು ಲೂಥರನ ಕಾಲದ ನೆಲವಾಗಿ ಉಳಿದಿರಲಿಲ್ಲ. ಇಂದಿನ ಥ್ಯುರಿಂಗಿಯಾದಲ್ಲಿ ಯಾವ ಚರ್ಚಿಗೂ ಸೇರದವರೇ ಬಹುಸಂಖ್ಯಾತರು. ಅಲ್ಲಿ ಪ್ರಾಟೆಸ್ಟಂಟರೂ ಅಲ್ಪಸಂಖ್ಯಾತರೇ. ಕ್ಯಾಥೊಲಿಕರಂತೂ ಪ್ರಾಂತದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ೨೦೧೧ರ ಜನಗಣತಿಯ ಕಾಲಕ್ಕೆ ಐಕ್ಸ್‌ಫೆಲ್ಡ್ ಜಿಲ್ಲೆಯಲ್ಲಿ ಅವರು ಅರ್ಧಕ್ಕಿಂತ ಹೆಚ್ಚಾಗಿದ್ದರು. ಯಾವ ಮತಕ್ಕೆ ಪ್ರತಿಯಾಗಿ ಈ ದ್ವೀಪವು ತನ್ನನ್ನು ಗುರುತಿಸಿಕೊಂಡಿದ್ದಿತೋ ಆ ಮತದ ಸಮುದ್ರವೇ ಬತ್ತಿದೆ. ಒಂದು ಕಾಲಕ್ಕೆ ಎದುರಾಳಿಗಳಾಗಿದ್ದ ಎರಡು ಸಭೆಗಳು ಈಗ ಒಂದೇ ಅನುಭವದಲ್ಲಿ ಪಾಲುಗಾರರಾಗಿವೆ.

ಇದರಿಂದ ತಿಳಿಯಬಹುದಾದುದಿಷ್ಟು. ಒಂದು ನಾಡಿನ ವ್ಯಕ್ತಿತ್ವವು ನೆಲದಲ್ಲಿಯಾಗಲಿ ರಕ್ತದಲ್ಲಿಯಾಗಲಿ ನುಡಿಯಲ್ಲಿಯಾಗಲಿ ಮೊದಲೇ ಅಡಗಿರುವ ವಸ್ತುವಲ್ಲ. ಐಕ್ಸ್‌ಫೆಲ್ಡಿನಲ್ಲಿ ಅದು ಒಬ್ಬ ಅರಸನ ಅಪ್ಪಣೆಯಿಂದ ಆರಂಭವಾಗಿ, ಶಾಲೆಯಲ್ಲಿಯೂ ಯಾತ್ರೆಯಲ್ಲಿಯೂ ಬೇರೂರಿ, ಬೇರೆ ಅರಸರ ಅಡ್ಡಿಯಿಂದ ಗಟ್ಟಿಯಾಯಿತು. ಹಾಗೆ ಕಟ್ಟಿದುದೆಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಕಟ್ಟಿದ ಮನೆಯಲ್ಲಿಯೇ ಜನರು ಬಾಳುವುದು. ಆದರೆ ಕಟ್ಟಿದ ಮನೆಯನ್ನು ಪ್ರತಿಯೊಂದು ತಲೆಮಾರೂ ತನ್ನದೆಂದು ಒಪ್ಪಿ ಕಾಪಾಡಬೇಕಾಗುತ್ತದೆ. ೧೫೭೪ರಲ್ಲಿ ಪ್ರಜೆಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ೧೮೭೫ರಲ್ಲಿಯೂ ೧೯೫೯ರಲ್ಲಿಯೂ ಆ ಒಪ್ಪಿಗೆಯನ್ನು ಒಡೆಯಲು ಅಧಿಕಾರದಲ್ಲಿದ್ದವರಿಂದ ಆಗಲಿಲ್ಲ. ಈಗ ಅಪ್ಪಣೆಯೂ ಇಲ್ಲ, ಅಡ್ಡಿಯೂ ಇಲ್ಲ. ನಾಲ್ಕು ಶತಮಾನಗಳಲ್ಲಿ ಮೊದಲ ಬಾರಿಗೆ ಐಕ್ಸ್‌ಫೆಲ್ಡಿನ ಮತವು ಅಲ್ಲಿಯ ಜನರ ಇಚ್ಛೆಯೊಂದನ್ನೇ ನಂಬಿ ನಿಂತಿದೆ.